ಪ್ರಶ್ನೆ ಕೇಳದೆ ಕೊಟ್ಟ ಫಸ್ಟ್ ಕ್ಲಾಸು

ಮಾಷ್ಟ್ರು ಯಾರಿಗೂ ಪುಕ್ಕಟೆ ಅಂಕ ಕೊಟ್ಟವರಲ್ಲ. ಮುಂಬೈ ಪಕ್ಕದ ಠಾಣೆ ಊರಿನ ಕನ್ನಡ ರಾತ್ರಿ ಶಾಲೆಯಲ್ಲಿ ನಾವು ಅವರ ಕೈಕೆಳಗೆ ಕಲಿಯುತ್ತಿದ್ದಾಗ, ಉತ್ತರ ಪೂರ್ತಿ ಸರಿಯಿದ್ದರೂ ಒಂದು ಅಂಕವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ಅದು ನಾಳೆಗೆ. ಇವತ್ತೇ ಎಲ್ಲ ಕೊಟ್ರೆ ನೀವು ನಾಳೆ ಬರುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಮಾರನೆಯ ದಿನ ಆ ಒಂದು ಅಂಕದ ಆಸೆಗೆ ಮೈಕೈ ನೋವಿದ್ದರೂ ಹೋಗಿ ಕೂರುತ್ತಿದ್ದೆವು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರೀಗ ಇಲ್ಲ. ಮನೆಯವರು ಇದ್ದಾರೆ, ಒಳ್ಳೆಯವರು. ಹೆಸರು ಬೇಕಾಗಿಯೂ ಇಲ್ಲ. ಡೊಂಬಿವ್ಲಿಯ ಕನ್ನಡದವರಿಗೆ ಅವರು ಮಾಷ್ಟ್ರು, ಕಳವಾ ಊರಿನ ನಮ್ಮಂಥವರಿಗೆ ಸರ. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಹಗಲು ಒಂದು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಶಾಲೆ. ಕಚೇರಿಯ ಅಂಗಿಯಲ್ಲೇ ಬರುತ್ತಿದ್ದರು. ಬಂದವರೇ ತೋಳು ಮಡಚಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು. ಪಾಠದ ನಡುವೆ ಹೊತ್ತು ನೋಡಬಾರದು ಎಂಬುದು ಅವರು ತಮಗೇ ಹಾಕಿಕೊಂಡಿದ್ದ ನಿಯಮ. ತರಗತಿಯಲ್ಲಿ ಕರಾವಳಿಯ ಹೋಟೆಲ್ ಹುಡುಗರು ಅರ್ಧ, ಕಲಬುರಗಿ, ರಾಯಚೂರು ಕಡೆಯ ಹಮಾಲರು, ಕಾರ್ಖಾನೆಯವರು ಅರ್ಧ. ಕಲಬುರಗಿ ಕಡೆಯ ನಮ್ಮ ಮಾತು ಕೇಳಿ ಕರಾವಳಿಯವರು ನಗುವರು, ಅವರ ಮಾತು ಕೇಳಿ ನಾವು. ಒಂದು ಸಂಜೆ ಮಾಷ್ಟ್ರು ಹಲಗೆಯ ಮೇಲೆ 'ಬನ್ನಿ', 'ಬರ್ರಿ', 'ಬಲೆ' ಎಂದು ಪುಸ್ತಕದ ಕನ್ನಡ, ನಮ್ಮ ಕಡೆಯ ಕನ್ನಡ, ತುಳು ಮೂರನ್ನೂ ಒಂದರ ಕೆಳಗೊಂದು ಬರೆದರು. "ಮೂರರಲ್ಲಿ ಯಾವುದು ಹೇಳಿದ್ರೂ ಮನೆಯವರು ಬಾಗಿಲು ತೆಗೀತಾರೆ. ಇನ್ನು ನಗುದು ಸಾಕು" ಎಂದರು. ಆಮೇಲೆ ಯಾರೂ ನಗಲಿಲ್ಲ.

ನನ್ನ ಅಪ್ಪ ಕಲಬುರಗಿ ಜಿಲ್ಲೆಯಿಂದ ಬಂದು ಕಳವಾ ಊರಿನಲ್ಲಿ ಲೋಡಿಂಗ್ ಕೆಲಸ ಹಿಡಿದವನು. ರೈಲು ಕಾರ್‌ಶೆಡ್‌ನ ಆಚೆ ಗುಡ್ಡದ ಬದಿಗೆ ನಮ್ಮದೊಂದು ಖೋಲಿ. ನಾನು ಶಾಲೆ ಬಿಟ್ಟು ಒಬ್ಬ ಎಲೆಕ್ಟ್ರಿಷಿಯನ್ ಹಿಂದೆ ವೈರಿನ ಸುರುಳಿ ಹೊತ್ತು ತಿರುಗುತ್ತಿದ್ದೆ. ನನ್ನನ್ನು ರಾತ್ರಿ ಶಾಲೆಗೆ ಸೇರಿಸಿಕೊಂಡು, ಮೆಟ್ರಿಕ್‌ ದಾಟಿಸಿದವರು ಮಾಷ್ಟ್ರು. ಫಲಿತಾಂಶದ ದಿನ ಅಪ್ಪ ಅವರ ಕಾಲಿಗೆ ಬೀಳಹೋದ. ಅವರು ತಡೆದು, "ನನ್ನ ಕಾಲಿಗೆ ಬೇಡ, ಅವನಿಗೆ ಒಂದು ಒಳ್ಳೆ ಪೆನ್ನು ತೆಗ್ದುಕೊಡಿ" ಎಂದರು. ಅಪ್ಪ ಬದುಕಿರುವವರೆಗೂ ಅವರನ್ನು ದೇವರ ಸಾಲಿನಲ್ಲೇ ಇಟ್ಟಿದ್ದ. ನಾನೂ ಹಾಗೆಯೇ ಇಟ್ಟಿದ್ದೆ. ಮುಂದಿನದನ್ನು ಓದುವವರಿಗೆ ಇದು ಗೊತ್ತಿರಲಿ ಎಂದೇ ಮೊದಲು ಹೇಳಿದೆ.

ರಬಾಳೆಯ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹೆಲ್ಪರ್ ಎಂದು ಸೇರಿದವನು ನೋಡುತ್ತಾ ನೋಡುತ್ತಾ ಎಲ್ಲವನ್ನೂ ಕಲಿತೆ. ಮೋಟರು ಸುಟ್ಟರೆ ವಾಸನೆಯಲ್ಲೇ ಯಾವುದೆಂದು ಹೇಳುತ್ತಿದ್ದೆ. ಪ್ಯಾನೆಲ್‌ ಕೆಟ್ಟರೆ ನನ್ನನ್ನೇ ಕೂಗುತ್ತಿದ್ದರು. ಆದರೆ ಕಾಗದದ ಮೇಲೆ ನಾನು ಹೆಲ್ಪರ್ ಆಗಿಯೇ ಉಳಿದೆ. ಸೂಪರ್‌ವೈಸರ್ ಜಾಗ ಖಾಲಿಯಾದಾಗ ಮ್ಯಾನೇಜರ್ ಕರೆದು, "ಕೆಲಸ ನಿನಗೇ ಕೊಡಬೇಕೆಂದಿದೆ, ಡಿಪ್ಲೊಮಾ ಇಲ್ಲವಲ್ಲ" ಎಂದರು. ನಾನು ಆ ಭಾನುವಾರವೇ ಮಾಷ್ಟ್ರ ಹತ್ತಿರ ಹೋದೆ. ಅಂಥ ವಿಷಯಕ್ಕೆ ಹೋಗಲು ನನಗೆ ಇನ್ಯಾರಿದ್ದರು?

ಅಷ್ಟರಲ್ಲಿ ರಾತ್ರಿ ಶಾಲೆ ಮುಚ್ಚಿತ್ತು. ಮಕ್ಕಳು ಮರಾಠಿಗೆ, ಇಂಗ್ಲಿಷಿಗೆ ಹೋಗತೊಡಗಿದ ಮೇಲೆ ಕನ್ನಡಕ್ಕೆ ಬರುವವರು ಇರಲಿಲ್ಲ. ಕಚೇರಿಯಿಂದಲೂ ನಿವೃತ್ತರಾಗಿದ್ದ ಮಾಷ್ಟ್ರು ಡೊಂಬಿವ್ಲಿ ಪೂರ್ವದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದರಲ್ಲಿ 'ಶಿಕ್ಷಣ ಮಾರ್ಗದರ್ಶನ' ಎಂದು ಬೋರ್ಡು ಹಾಕಿಕೊಂಡಿದ್ದರು. ಕೆಳಗೆ ಗಿರಣಿ ಓಡುವಾಗ ಮೇಲಿನ ಮೇಜು ಸಣ್ಣಗೆ ನಡುಗುತ್ತಿತ್ತು. ಗೋಡೆಯ ತುಂಬ ನಮ್ಮಂಥ ಹಳೆಯ ವಿದ್ಯಾರ್ಥಿಗಳ ಫೋಟೊ. ನನ್ನದೂ ಇತ್ತು.

"ಸರ, ನಂಗ ಡಿಪ್ಲೊಮಾ ಬೇಕಾಗ್ಯಾದ್ರಿ. ಈ ವಯಸ್ಸಿನ್ಯಾಗ ಕಾಲೇಜಿಗಿ ಹ್ಯಾಂಗ ಹೋಗ್ಲಿ?" ಎಂದೆ.

ಅವರು ಕೈಗಡಿಯಾರ ಬಿಚ್ಚಿ ಬೋರಲು ಹಾಕಿ ಕೂತರು. ನನಗೆ ಅದರಲ್ಲೇ ಅರ್ಧ ಧೈರ್ಯ ಬಂತು.

"ನೋಡು, ಅನುಭವ ಅಂದ್ರೆ ಅದೂ ಓದೇ. ಬೇರೆಯವ್ರು ಬೆಂಚಿನಲ್ಲಿ ಕೂತು ಕಲಿತದ್ದನ್ನು ನೀನು ಕೆಲಸದಲ್ಲಿ ಕಲ್ತಿದ್ದಿ. ಹೊರದೇಶದಲ್ಲೆಲ್ಲ ಅದಕ್ಕೆ ಕ್ರೆಡಿಟ್ ಅಂತ ಕೊಡ್ತಾರೆ. ಈಗ ಇಲ್ಲೂ ಬಂದಿದೆ. ಗೊತ್ತಿರುವ ಪಾಠವನ್ನು ಮತ್ತೆ ಕಲಿಸುವುದು ಬೇಡ, ಕಲ್ತದ್ದಕ್ಕೆ ಮಾನ್ಯತೆ ಕೊಟ್ರೆ ಸಾಕು ಅಂತ ಹೇಳುವ ವಿಶ್ವವಿದ್ಯಾಲಯಗಳು ಉಂಟು."

ಈ ಮಾತಿನಲ್ಲಿ ಸುಳ್ಳು ಒಂದೂ ಇಲ್ಲ. ಅನುಭವಕ್ಕೆ ಮಾನ್ಯತೆ ಕೊಡುವ ಪದ್ಧತಿ ನಿಜವಾಗಿಯೂ ಇದೆ, ಸರ್ಕಾರದ್ದೇ ಇದೆ. ಮಾಷ್ಟ್ರು ನನಗೆ ತೋರಿಸಿದ ಬಾಗಿಲು ಮಾತ್ರ ಅದರದ್ದಲ್ಲ.

"ನಿನ್ನ ಕೆಲಸದ ಬಗ್ಗೆ ಬರಿ" ಎಂದರು. "ಏನೇನು ಮಾಡಿದ್ದಿ, ಹೇಗೆ ಕಲ್ತದ್ದು, ಎಲ್ಲ. ಅರ್ಧಂಬರ್ಧ ಬೇಡ."

ಒಂದು ತಿಂಗಳು ಸಂಜೆ ಸಂಜೆ ಕೂತು ಬರೆದೆ. ಮೋಟರಿನ ಕಾಂಟಾಕ್ಟರ್ ಸ್ವಿಚ್ಚು ಅಂಟಿಕೊಂಡರೆ ಹೇಗೆ ಗೊತ್ತಾಗುತ್ತದೆ, ಮಳೆಗಾಲದಲ್ಲಿ ಮೋಟರಿನ ಸುರುಳಿಗೆ ತೇವ ಹಿಡಿದರೆ ಬಲ್ಬಿನ ಶಾಖದಲ್ಲಿ ಹೇಗೆ ಒಣಗಿಸುತ್ತೇವೆ, ಮೊದಲ ಗುರು ನನಗೆ ಬೈದು ಕಲಿಸಿದ್ದು, ಎಲ್ಲ. ಅಷ್ಟು ಉದ್ದ ನಾನು ಅದುವರೆಗೆ ಏನನ್ನೂ ಬರೆದಿರಲಿಲ್ಲ. ಮಾಷ್ಟ್ರು ಆ ಹಾಳೆಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದರು. ಅಲ್ಪಪ್ರಾಣ, ಮಹಾಪ್ರಾಣ ಒಂದನ್ನೂ ಬಿಡಲಿಲ್ಲ. "ಇದನ್ನು ನಾನು ಇಂಗ್ಲಿಷಿಗೆ ಮಾಡಿ ಕಳಿಸ್ತೇನೆ" ಎಂದರು. ಆ ಹಾಳೆಗಳೇ ನನ್ನ ಪರೀಕ್ಷೆ ಎಂದು ನಾನು ತಿಳಿದೆ.

ಅವರು ಕೇಳಿದ ಫೀಸು ಕೊಟ್ಟೆ. ಕೆಲವು ದಿನಗಳ ಮೇಲೆ ಫೋನ್ ಮಾಡಿ, "ಯಾವ ವರ್ಷ ಹಾಕಿಸಲಿ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. "ಅನುಭವ ಹಿಂದಿನದ್ದಲ್ವಾ? ಹಾಗೆ ವರ್ಷವೂ ಹಿಂದಿನದ್ದೇ ಇರ್ತದೆ" ಎಂದರು. ಮಾಷ್ಟ್ರು ಹೇಳಿದ ಮೇಲೆ ಇರುತ್ತದೆ. "ನೀವು ಹ್ಯಾಂಗಂತೀರಿ ಹಂಗ್ರಿ ಸರ" ಎಂದೆ.

ಡಿಪ್ಲೊಮಾ ಬಂತು. ಬಂಗಾರದ ಮುದ್ರೆ, ಗಟ್ಟಿ ಕಾಗದ, ಫಸ್ಟ್ ಕ್ಲಾಸು. ಮನೆಯಲ್ಲಿ ಮಗಳು ಅದನ್ನು ಚೌಕಟ್ಟು ಹಾಕಿಸಿದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಮೇರೇಸೆ ಪೆಹಲೇ ಆಪ್ ಇಂಜಿನಿಯರ್ ಬನ್ ಗಯೇ" ಎಂದಳು, ನನಗಿಂತ ಮೊದಲು ನೀವೇ ಇಂಜಿನಿಯರ್ ಆಗಿಬಿಟ್ಟಿರಿ ಎಂದು ನಕ್ಕಳು. ನಾನು ಸೂಪರ್‌ವೈಸರ್ ಆದೆ. ಕೆಲಸ ಶುರುವಾಗುವ ಮೊದಲು ಲೈನು ಬಂದ್ ಆಗಿದೆ, ಕೈ ಹಾಕಬಹುದು ಎಂದು ಪರವಾನಗಿಗೆ ಸಹಿ ಹಾಕುವ ಕೆಲಸ ಈಗ ನನ್ನದು. ಸಹಿ ಹಾಕುವಾಗಲೆಲ್ಲ ಮಾಷ್ಟ್ರ ನೆನಪಾಗುತ್ತಿತ್ತು. ದೀಪಾವಳಿಗೆ ಸಿಹಿ ತೆಗೆದುಕೊಂಡು ಠಾಕುರ್ಲಿಯ ಅವರ ಮನೆಗೆ ಹೋಗಿಬಂದೆ. ಅವರ ಹೆಂಡತಿ ನನಗೆ ನೀರುದೋಸೆ ಹಾಕಿಕೊಟ್ಟರು. ಮಾಷ್ಟ್ರು ಪಕ್ಕದ ಮನೆಯವರನ್ನು ಕರೆದು, "ಇವ ನನ್ನ ವಿದ್ಯಾರ್ಥಿ. ಈಗ ಸೂಪರ್‌ವೈಸರ್" ಎಂದು ತೋರಿಸಿದರು.

ಕಾರ್ಖಾನೆಗೆ ಹೊಸ ಮಾಲೀಕರು ಬಂದರು. ಎಲ್ಲರ ಸರ್ಟಿಫಿಕೇಟುಗಳನ್ನೂ ಪರಿಶೀಲನೆಗೆ ಕಳಿಸಿದರು. ಒಂದು ಬೆಳಿಗ್ಗೆ ಎಚ್‌.ಆರ್‌. ವಿಭಾಗದ ಅಧಿಕಾರಿ ಮೇಡಂ ನನ್ನನ್ನು ಕರೆದರು. ಮರಾಠಿಯವರು, ನನಗಿಂತ ಬಹಳ ಚಿಕ್ಕವರು. ಬಾಗಿಲು ಹಾಕಿ, ಕುರ್ಚಿ ತೋರಿಸಿ, "ಕಾಕಾ, ಪರೀಕ್ಷಾ ಕುಠೆ ದಿಲೀ?" ಎಂದರು. ಪರೀಕ್ಷೆ ಎಲ್ಲಿ ಕೊಟ್ಟಿರಿ ಎಂದು.

"ಎಲ್ಲಿಯೂ ಕೊಟ್ಟಿಲ್ಲ. ನನ್ನ ಅನುಭವದ ಮೇಲೆ ಕೊಟ್ಟದ್ದು" ಎಂದೆ.

"ಅನುಭವವನ್ನು ಯಾರು ನೋಡಿದರು? ಇಲ್ಲಿಗೆ ಯಾರಾದರೂ ಬಂದರಾ? ನಿಮ್ಮನ್ನು ಕರೆಸಿ ಕೆಲಸ ಮಾಡಿಸಿ ನೋಡಿದರಾ? ಫೋನ್‌ನಲ್ಲಾದರೂ ಯಾರಾದರೂ ಏನಾದರೂ ಕೇಳಿದರಾ?"

ನಾನು ಯೋಚಿಸಿದೆ. ಯಾರೂ ಕೇಳಿರಲಿಲ್ಲ. ಇಷ್ಟು ದಿನ ಇದು ನನ್ನ ತಲೆಗೇ ಬಂದಿರಲಿಲ್ಲ. ನನಗೆ ಫಸ್ಟ್ ಕ್ಲಾಸು ಕೊಟ್ಟವರು ನನಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳಿದ ಒಂದೇ ಪ್ರಶ್ನೆ, ವರ್ಷ ಯಾವುದು ಬೇಕು ಎಂದು.

ಮೇಡಂ ನಿಧಾನವಾಗಿ ಹೇಳಿದರು. ಅಂಥ ವಿಶ್ವವಿದ್ಯಾಲಯವೇ ಇಲ್ಲ. ಮಾನ್ಯತೆ ಪಡೆದವರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ವಿಳಾಸಕ್ಕೆ ಹೋಗಿ ನೋಡಿದರೆ ಯಾರದೋ ಬಾಡಿಗೆ ಫ್ಲ್ಯಾಟು. "ಇದು ಪದವಿ ಮಾರುವ ಅಂಗಡಿ ಕಾಕಾ. ನಿಮಗೆ ಗೊತ್ತಿರಲಿಲ್ಲ ಅಂತ ನನಗೆ ಕಾಣುತ್ತದೆ. ಆದರೆ ಮೇಲಿನವರಿಗೆ ಅದು ಕಾಣುವುದಿಲ್ಲ."

ಪೊಲೀಸರಿಗೆ ಕೊಡದೆ ಉಳಿಸಿದ್ದು ಅವರ ಉಪಕಾರ. ಸೂಪರ್‌ವೈಸರ್ ಕೆಲಸ ಹೋಯಿತು, ಕಾಯಂ ನೌಕರಿಯೂ ಹೋಯಿತು. ಅದೇ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಮತ್ತೆ ಹೆಲ್ಪರ್ ಆದೆ. ನಾನು ಕಲಿಸಿದವರ ಮುಂದೆ ಹೋಗಿ ನಿಂತು ಇವತ್ತು ಏನು ಮಾಡಲಿ ಎಂದು ಕೇಳಬೇಕು. ಅವರಿಗೂ ಮುಖ ಎತ್ತಲು ಆಗುತ್ತಿರಲಿಲ್ಲ. ಮಗಳು ಚೌಕಟ್ಟನ್ನು ಗೋಡೆಯಿಂದ ಇಳಿಸಿದಳು.

ಕೋಣೆಯಿಂದ ಹೊರಡುವ ಮುನ್ನ ಆ ಅಧಿಕಾರಿ ಇನ್ನೊಂದು ಮಾತು ಹೇಳಿದ್ದರು. ಕೆಲಸ ಬಲ್ಲವರು ಐಟಿಐಗೆ ಹೋಗದೆಯೇ ಪರೀಕ್ಷೆಗೆ ಕೂರುವ ಸರ್ಕಾರಿ ದಾರಿಯೊಂದಿದೆ. ಕಾರ್ಖಾನೆಯಿಂದ ಅನುಭವದ ಪತ್ರ ಬೇಕು, ಅದನ್ನು ಅವರೇ ಬರೆದುಕೊಡುತ್ತಾರೆ. "ಪಾಸಾದರೆ ಅದನ್ನು ಯಾರೂ ಅಲ್ಲಗಳೆಯಲು ಬರುವುದಿಲ್ಲ. ಆದರೆ ನಾಪಾಸ್ ಆಗಲೂಬಹುದು, ನೋಡಿ."

ನಾನು ಠಾಕುರ್ಲಿಗೆ ಹೋದೆ. ಜಗಳ ಮಾಡಬೇಕೆಂದು ಹೋದವನಲ್ಲ. ಮಾಷ್ಟ್ರಿಗೂ ಯಾರೋ ಮೋಸ ಮಾಡಿರಬೇಕು, ಅವರನ್ನು ಎಚ್ಚರಿಸಬೇಕು ಎಂದೇ ಹೋದೆ. ರೈಲಿನಲ್ಲಿ ಪೂರ್ತಿ ಅದೇ ಮಾತನ್ನು ಕೂಡಿಸಿಕೊಳ್ಳುತ್ತಿದ್ದೆ, ಅವರಿಗೆ ನೋವಾಗದ ಹಾಗೆ ಹೇಗೆ ಹೇಳಲಿ ಎಂದು.

ಅವರು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಹೇಳಿದೆ. ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಆಶ್ಚರ್ಯಪಡಲಿಲ್ಲ.

"ಹೊಸ ಮಾಲಕರು ಬಂದ್ರೆ ಹೀಗೆಲ್ಲ ಆಗ್ತದೆ" ಎಂದರು.

"ಸರ, ನಿಮಗ ಗೊತ್ತಿತ್ತೇನ್ರಿ?"

"ಎಂತ ಗೊತ್ತಿರುದು? ನಿನಗೆ ಕೆಲಸ ಗೊತ್ತುಂಟು. ಅವರಿಗೆ ಕಾಗದ ಬೇಕು. ನಮ್ಮ ಶಾಲೆ ಮುಚ್ಚುವಾಗ ಯಾರೂ ಬಂದು ಕೇಳ್ಲಿಲ್ಲ, ಈ ಹುಡುಗರು ಇನ್ನು ಎಲ್ಲಿಗೆ ಹೋಗ್ತಾರೆ ಅಂತ. ಈಗ ಕಾಗದ ಎಲ್ಲಿ ಅಂತ ಕೇಳ್ತಾರೆ. ಕೇಳುವವರಿಗೆ ಒಂದು ಕಾಗದ ಕೊಟ್ಟೆ. ಅದರಲ್ಲಿ ಪಾಪ ಎಂತದು ಹೇಳು."

ಹೇಳಿದರೆ ನಂಬುತ್ತೀರೋ ಇಲ್ಲವೋ, ಆ ಮಾತು ನನಗೆ ಅರ್ಧ ಸರಿಯೆನ್ನಿಸಿತು. ಆ ಶಾಲೆ ಮುಚ್ಚಿದ ದಿನ ಮಾಷ್ಟ್ರು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಒಣಗುವವರೆಗೆ ನಿಂತಿದ್ದನ್ನು ನಾನು ಕಂಡವನು.

"ನಾ ಬರೆದದ್ದು ಯಾರರೆ ಓದಿದ್ರೇನ್ರಿ?" ಎಂದೆ.

"ಯಾವುದು?"

"ಆ ಹಾಳಿಗೋಳ್ರಿ. ನೀವು ಇಂಗ್ಲಿಷ್ ಮಾಡಿ ಕಳಸ್ತೀನಿ ಅಂದಿದ್ರಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಅದನ್ನು ಕಳಿಸ್ಲಿಲ್ಲ. ಅಲ್ಲಿ ಓದುವವರು ಯಾರೂ ಇರುದಿಲ್ಲ." ಅದನ್ನು ಮತ್ತೆ ಹಾಕಿಕೊಂಡು, "ನೀನು ಚೆನ್ನಾಗಿ ಬರೆದಿದ್ದಿ ಮಾತ್ರ" ಎಂದರು.

ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ಅಕ್ಷರ ಅಕ್ಷರ ತಿದ್ದಿದ್ದರು. ಅದು ಪ್ರೀತಿಯೋ, ಅಭ್ಯಾಸಬಲವೋ, ನನ್ನನ್ನು ನಂಬಿಸುವ ಉಪಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ನಮ್ಮ ನಡುವೆ ಏನು ನಡೆದಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಮಾತಿಗೆ ಮಾತು ಇರಲೆಂದು ನಾನು, "ಅಮ್ಮಾವ್ರ, ಸರ್ಕಾರದ್ದು ಎಲೆಕ್ಟ್ರಿಷಿಯನ್ ಪರೀಕ್ಷಾ ಅದ ಅಂತ್ರಿ. ಕೂಡಬೇಕಂತ ಮಾಡೀನಿ" ಎಂದೆ.

ಅವರ ಮುಖ ಅರಳಿತು. "ಓ, ಅದಾ? ನಮ್ಮ ಅಳಿಯನೂ ಅದನ್ನೇ ಮಾಡಿದ್ದು. ಕೆಲಸ ಗೊತ್ತಿತ್ತು, ಸರ್ಟಿಫಿಕೇಟ್ ಇರ್ಲಿಲ್ಲ. ಇವರೇ ದಿನಾ ಕೂರಿಸಿ ಓದಿಸಿದ್ದು, ಇವರೇ ಬೇಲಾಪುರದ ಆಫೀಸಿಗೆ ಕರ್ಕೊಂಡು ಹೋದದ್ದು. ಈಗ ಲೈಸೆನ್ಸ್ ಉಂಟು, ಕಾಂಟ್ರಾಕ್ಟ್ ತಗೊಳ್ತಾನೆ. ಮದುವೆಗೆ ಮೊದಲು ಆದದ್ದಲ್ವಾ ಇದು?" ಎಂದು ಗಂಡನನ್ನು ಕೇಳಿದರು.

ಮಾಷ್ಟ್ರು ಹೂಂ ಎಂದರು. ಅಮ್ಮಾವ್ರು ಬಿಸ್ಕತ್ತು ತರಲು ಒಳಗೆ ಹೋದರು.

ಮಾಷ್ಟ್ರ ಮಗಳ ಮದುವೆ ನನಗೆ ಚೆನ್ನಾಗಿ ನೆನಪಿದೆ. ಮಂಟಪದ ದೀಪದ ಲೈನು ನಾನೇ ಎಳೆದದ್ದು. ಅಂದರೆ, ನಾನು ಗಿರಣಿಯ ಮೇಲಿನ ಆ ಕೋಣೆಗೆ ಹೋಗಿ ಕೂರುವ ಎಷ್ಟೋ ಮೊದಲೇ ಮಾಷ್ಟ್ರಿಗೆ ಆ ದಾರಿ ಗೊತ್ತಿತ್ತು. ಒಬ್ಬನನ್ನು ಕೈಹಿಡಿದು ಅದರಲ್ಲಿ ನಡೆಸಿಯೂ ಇದ್ದರು.

"ಸರ, ನನಗ್ಯಾಕ ಹೇಳಲಿಲ್ರಿ?"

ಅವರು, ಪಾಠ ಒಪ್ಪಿಸದ ಹುಡುಗನಿಗೆ ಹೇಳುವ ಹಾಗೆ, ಸಿಟ್ಟಿಲ್ಲದೆ ಹೇಳಿದರು.

"ಅದರಲ್ಲಿ ಥಿಯರಿ ಉಂಟು, ಲೆಕ್ಕ ಉಂಟು. ಅವನದ್ದು ಓದಿದ ಮನೆ. ನಿನ್ನಿಂದ ಆಗ್ತದೆ ಅಂತ ನಂಗೆ ಕಾಣ್ಲಿಲ್ಲ."

ನಾನು ಚಹಾ ಕುಡಿದು ಮುಗಿಸಿದೆ. ಅಮ್ಮಾವ್ರಿಗೆ ಬರ್ತೀನಿ ಎಂದು ಹೇಳಿ ಇಳಿದುಬಂದೆ. ಫೀಸು ಹೋದದ್ದು, ನೌಕರಿ ಹೋದದ್ದು, ಮಗಳ ಮುಂದೆ ಮಾನ ಹೋದದ್ದು, ಇವಕ್ಕೆಲ್ಲ ಆ ಅಂಗಡಿಯವರನ್ನು ಬೈಯಬಹುದಿತ್ತು. ಈ ಮಾತಿಗೆ ಬೈಯಲು ಬೇರೆ ಯಾರೂ ಇರಲಿಲ್ಲ. ನನಗೆ ಅಕ್ಷರ ಕಲಿಸಿದ ಮನುಷ್ಯ, ಗೋಡೆಯ ಮೇಲೆ ನನ್ನ ಫೋಟೊ ಇಟ್ಟುಕೊಂಡ ಮನುಷ್ಯ, ನನ್ನಿಂದ ಆಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ ಬಿಟ್ಟಿದ್ದ. ಠಾಕುರ್ಲಿ ಸ್ಟೇಷನ್ನಿನಲ್ಲಿ ಎರಡು ಲೋಕಲ್‌ಗಳನ್ನು ಬಿಟ್ಟು ಮೂರನೆಯದನ್ನು ಹತ್ತಿದೆ.

ಪರೀಕ್ಷೆಗೆ ಕೂತೆ. ಕಲ್ಯಾಣದ ಆಚೆ ಒಂದು ಸರ್ಕಾರಿ ತರಬೇತಿ ಸಂಸ್ಥೆ. ಪರೀಕ್ಷಕರು ವಯಸ್ಸಾದ ಮರಾಠಿ ಸಾಹೇಬರು. ಕೆಟ್ಟ ಮೋಟರ್ ಸ್ಟಾರ್ಟರೊಂದನ್ನು ಮುಂದಿಟ್ಟು, "ಏನಾಗಿದೆ ಹುಡುಕಿ" ಎಂದರು. ಮೇನ್‌ ಸ್ವಿಚ್‌ ಆರಿಸಿ, ಮುಚ್ಚಳ ತೆಗೆದು ಕೈ ಹಾಕಿದೆ. ಇಡೀ ಸಾಲಿನಲ್ಲಿ ಮೊದಲು ದೋಷ ಕಂಡುಹಿಡಿದವನು ನಾನೇ. ಹಿಗ್ಗಿನಿಂದ ತಲೆಯೆತ್ತಿದರೆ ಸಾಹೇಬರು ಸರಿಯಿಲ್ಲವೆಂದು ತಲೆಯಾಡಿಸುತ್ತಿದ್ದರು.

"ಕರೆಂಟ್ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಸ್ವಿಚ್‌ ಆರಿಸಿದೆನಲ್ಲ ಸಾಹೇಬ್."

"ಸ್ವಿಚ್‌ ಒಳಗೆ ಅಂಟಿಕೊಂಡಿದ್ದರೆ? ಬೇರೆ ಕಡೆಯಿಂದ ಕರೆಂಟ್ ಬರುತ್ತಿದ್ದರೆ?" ಅವರು ಟೆಸ್ಟರ್ ಎತ್ತಿಕೊಂಡರು. ಮೊದಲು ಕರೆಂಟ್ ಇರುವ ಕಡೆ ಹಿಡಿದು ಟೆಸ್ಟರ್ ಸರಿಯಿದೆಯೇ ನೋಡಿದರು. ಆಮೇಲೆ ಸ್ಟಾರ್ಟರಿಗೆ ಹಿಡಿದರು. ಮತ್ತೆ ಮೊದಲಿನ ಜಾಗಕ್ಕೆ. "ಹೀಗೆ ನೋಡದೆ ಕೈ ಹಾಕುವಂತಿಲ್ಲ. ಇಷ್ಟು ವರ್ಷ ಬದುಕಿ ಉಳಿದದ್ದು ನಿಮ್ಮ ನಸೀಬು." ಮಾತಿನಲ್ಲಿ ಕುಹಕವಿರಲಿಲ್ಲ. ನಾಪಾಸ್ ಮಾಡಿ, ಮುಂದಿನ ಸಲ ಬನ್ನಿ ಎಂದರು.

ಬರುವಾಗ ಬಸ್ಸಿನಲ್ಲಿ ಮೈ ಬೆವೆತಿತು. ನಾಪಾಸಾದ ಬೇಸರಕ್ಕಲ್ಲ. ಆ ಬಂಗಾರದ ಮುದ್ರೆಯ ಬಲದ ಮೇಲೆ ನಾನು ಸಹಿ ಹಾಕಿದ ಪರವಾನಗಿಗಳು ನೆನಪಾದವು. ನನ್ನ ಸಹಿ ನಂಬಿ ಪ್ಯಾನೆಲ್ಲಿಗೆ ಕೈ ಹಾಕಿದವರು ನೆನಪಾದರು. ಯಾರಿಗೂ ಏನೂ ಆಗಿರಲಿಲ್ಲ. ಆಗಬಹುದಿತ್ತು. ನನಗೆ ಗೊತ್ತಿಲ್ಲದ್ದು ಏನು ಎಂದು ಯಾರಾದರೂ ಒಮ್ಮೆ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಮಾಷ್ಟ್ರು ಕೊಡಿಸಿದ ಡಿಪ್ಲೊಮಾ ನನ್ನ ಅನುಭವವನ್ನು ತೂಗಿ ನೋಡಲೇ ಇಲ್ಲ. ಈ ಸಾಹೇಬರು ತೂಗಿದರು, ಎಲ್ಲಿ ಕಡಿಮೆಯಿದೆಯೋ ಅಲ್ಲಿ ಬೆರಳಿಟ್ಟರು. ಆ ದಿನ ನನಗೆ ಎರಡರ ನಡುವಿನ ವ್ಯತ್ಯಾಸ ಮೈಯಿಂದ ತಿಳಿಯಿತು.

ಮಗಳು ಥಿಯರಿ ಹೇಳಿಕೊಟ್ಟಳು, ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಬರೆದುಕೊಂಡೆ. ಲೆಕ್ಕಕ್ಕೆ ಅವಳು ಬೈದಷ್ಟು ನನ್ನ ಮೊದಲ ಗುರುವೂ ಬೈದಿರಲಿಲ್ಲ. ಮುಂದಿನ ಸಲ ಪಾಸಾದೆ. ಕಾರ್ಖಾನೆ ನನ್ನನ್ನು ಎಲೆಕ್ಟ್ರಿಷಿಯನ್ ಎಂದು ಕಾಯಂ ಮಾಡಿಕೊಂಡಿತು. ಸೂಪರ್‌ವೈಸರ್ ಅಲ್ಲ. ಅದಕ್ಕೆ ಇನ್ನೂ ಬೇರೆ ಪರೀಕ್ಷೆಗಳಿವೆ.

ಇದಾದ ಮೇಲೆ ಮಾಷ್ಟ್ರನ್ನು ಒಂದೇ ಸಲ ಕಂಡೆ, ಡೊಂಬಿವ್ಲಿ ಸ್ಟೇಷನ್ನಿನ ಸೇತುವೆಯ ಮೇಲೆ. ಬಹಳ ಇಳಿದುಹೋಗಿದ್ದರು. ಕಟಕಟೆ ಹಿಡಿದು ಉಸಿರು ತಿರುಗಿಸಿಕೊಳ್ಳುತ್ತಿದ್ದರು, ಜನ ಎರಡೂ ಬದಿಯಿಂದ ತಳ್ಳಿಕೊಂಡು ಹೋಗುತ್ತಿತ್ತು. ದಾಟಿ ಹೋಗಿಬಿಡಬಹುದಿತ್ತು, ಆಗಲಿಲ್ಲ. ಅವರ ಕೈಚೀಲ ತೆಗೆದುಕೊಂಡು, ತೋಳು ಕೊಟ್ಟು ಅವರನ್ನು ಕೆಳಗಿನವರೆಗೆ ಇಳಿಸಿದೆ.

"ಪರೀಕ್ಷಾ ಪಾಸಾದೆ ಸರ" ಎಂದೆ.

ಅವರು ನಿಂತರು. "ಎಷ್ಟು ಬಂತು?"

ಹೇಳಿದೆ. ಅವರು ತುಟಿ ಬಿಗಿದು ಲೆಕ್ಕ ಹಾಕಿದವರ ಹಾಗೆ ತಲೆಯಾಡಿಸಿ, "ಇನ್ನೂ ಸ್ವಲ್ಪ ಬರಬೇಕಿತ್ತು" ಎಂದರು. ನನ್ನ ತೋಳನ್ನು ಮಾತ್ರ ಬಿಡಲಿಲ್ಲ. ತಪ್ಪಾಯಿತು ಎಂದಾರೇನೋ ಎಂದು ರಿಕ್ಷಾ ಸ್ಟ್ಯಾಂಡಿನವರೆಗೂ ಕಾದೆ. ಅವರು ರಿಕ್ಷಾ ಹತ್ತಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಬರ್ತೇನೆ ಎಂದು ಹೋದರು.

ಅವರು ತೀರಿಕೊಂಡ ಮೇಲೆ ಡೊಂಬಿವ್ಲಿಯ ಕನ್ನಡದವರು ಸಂತಾಪ ಸಭೆ ಇಟ್ಟರು. ಹಳೆಯ ವಿದ್ಯಾರ್ಥಿ ಎಂದು ನನಗೂ ಮಾತಾಡಲು ಹೇಳಿದರು. ಹೋಗಬಾರದು ಎಂದುಕೊಂಡಿದ್ದೆ. ಹೋದೆ. ನನಗಿಂತ ಮುಂಚೆ ಮಾತಾಡಿದವರೆಲ್ಲ ಮಾಷ್ಟ್ರು ಎಷ್ಟು ಜನರ ಬಾಳಿಗೆ ದಾರಿ ತೋರಿದರು ಎಂದು ಹೇಳಿದರು. ಕುರ್ಚಿಗಳ ಕಡೆ ನೋಡಿದೆ. ಗಿರಣಿಯ ಮೇಲಿನ ಕೋಣೆಯ ಗೋಡೆಯಲ್ಲಿದ್ದ ಎಷ್ಟೋ ಮುಖಗಳು ಅಲ್ಲಿ ಕೂತಿದ್ದವು. ಯಾರ್‍ಯಾರ ಮನೆಯಲ್ಲಿ ಅಂಥ ಬಂಗಾರದ ಮುದ್ರೆ ಇದೆಯೋ, ಯಾರಿಗೆ ತಿಳಿದಿದೆಯೋ, ಯಾರಿಗೆ ಇನ್ನೂ ಇಲ್ಲವೋ.

ಎದ್ದು ನಿಂತು ನಡೆದದ್ದನ್ನೇ ಹೇಳಿದೆ. ನನಗೆ ಓದು ಬರಹ ಕೊಟ್ಟವರು ಇವರು. ನನಗೆ ಸುಳ್ಳು ಡಿಪ್ಲೊಮಾ ಕೊಟ್ಟವರೂ ಇವರೇ. ಅನುಭವಕ್ಕೆ ಮಾನ್ಯತೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ, ನಿಮ್ಮನ್ನು ಯಾರು ಪರೀಕ್ಷಿಸುತ್ತಾರೆ ಎಂದು ಕೇಳಿ. ನಾಪಾಸಾದರೆ ಏನು ಎಂದು ಕೇಳಿ. ನಾಪಾಸಾಗುವುದೇ ಇಲ್ಲ ಎಂದರೆ ಎದ್ದು ಬನ್ನಿ. ಇಷ್ಟೇ ಹೇಳಿದೆ. ಅಳಿಯನ ಮಾತು ಎತ್ತಲಿಲ್ಲ. ಅಧ್ಯಕ್ಷರು ಗಡಿಬಿಡಿಯಲ್ಲಿ ಮೌನಾಚರಣೆ ಎಂದರು. ಆಮೇಲೆ ಒಬ್ಬರು ಹತ್ತಿರ ಬಂದು, "ಸತ್ತವರ ಬಗ್ಗೆ ಹೀಗೆ ಮಾತಾಡ್ಬಾರ್ದಿತ್ತು ನೀವು" ಎಂದು ಹೇಳಿ ಹೋದರು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಮಾಷ್ಟ್ರ ಹೆಂಡತಿ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಕೇಳಿಸಿಕೊಳ್ಳಬೇಕು ಎಂದು ನಿಂತೆ. ಅವರು ನನ್ನ ತೀರ ಹತ್ತಿರಕ್ಕೆ ಬಂದರು. ಸೆರಗನ್ನು ಕೈಗೆ ಸುತ್ತಿಕೊಂಡಿದ್ದರು.

"ನೀನು ಹೇಳಿದ್ದು ಕೇಳಿದೆ ಮಗಾ. ಒಂದು ಕೇಳ್ತೇನೆ, ಸತ್ಯ ಹೇಳು. ನಮ್ಮ ಅಳಿಯಂದು... ಅದೂ ಹಾಗೆಯಾ? ಅವನ ಮೇಲೆ ಮನೆ ನಿಂತಿದೆ, ಎರಡು ಮಕ್ಕಳುಂಟು. ನಾಳೆ ಯಾರಾದ್ರೂ ಬಂದು ಕೇಳಿದ್ರೆ?"

ಅವರ ಕಣ್ಣಿನಲ್ಲಿ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಗಂಡ ಹೋದ ದುಃಖಕ್ಕೂ ಅಲ್ಲಿ ಜಾಗವಿರಲಿಲ್ಲ.

"ಇಲ್ಲ ಅಮ್ಮಾವ್ರ" ಎಂದೆ. "ಅವರದು ಖರೇನೇ ಅದ. ಅವರಿಗಿ ಪರೀಕ್ಷಾ ಆಗ್ಯಾದ. ಸರ ಖುದ್ದು ಕೂಡಿಸಿ ಓದಿಸ್ಯಾರಲ್ರಿ."

ಅವರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಎಷ್ಟು ಸಮಾಧಾನವಾಯಿತು ಮಗಾ, ಎಷ್ಟು ಸಮಾಧಾನವಾಯಿತು ಎಂದು ಮತ್ತೆ ಮತ್ತೆ ಹೇಳಿದರು. ನಾನು ಕೈ ಬಿಡಿಸಿಕೊಳ್ಳದೆ, ಅವರ ಅಳು ನಿಲ್ಲುವವರೆಗೆ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದೆ.